ಫೇರ್‌ಬ್ಯಾಂಕ್ ಮೇಷ್ಟ್ರನ್ನು ನಂಬಬಹುದಾ?

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಮುಂದೆ ಅಮೆರಿಕ–ಚೀನಾ ಸಂಬಂಧದ ಮೇಲೆ ಸಂಶೋಧನೆ ಮಾಡಿ, ಪಾಠ ಹೇಳುವ ಕೆಲಸಕ್ಕೇ ಹೋಗಬೇಕೆಂಬ ಆಸೆ. ಈ ವಿಷಯದ ಯಾವ ಪುಸ್ತಕ ತೆಗೆದರೂ ಜಾನ್ ಫೇರ್‌ಬ್ಯಾಂಕ್ ಎಂಬ ಹೆಸರು ಸಿಗುತ್ತದೆ. ಕೆಲವರು ಅವರನ್ನು ಈ ವಿಷಯದ ಪಿತಾಮಹ ಎನ್ನುತ್ತಾರೆ. ಕೆಲವರು ಅವರು ಅಮೆರಿಕ ಸರ್ಕಾರದ ಮನುಷ್ಯ, ಬರೆದದ್ದೂ ಹಳತಾಯಿತು, ಬಿಡಿ ಎನ್ನುತ್ತಾರೆ. ಅವರನ್ನು ಓದಬೇಕಾ? ನಂಬಬಹುದಾ? ಭಾರತದಲ್ಲಿ ಕೂತು ಈ ವಿಷಯ ಮಾಡಲು ಆಗುತ್ತದಾ?

ಉತ್ತರ: ಓದಲೇಬೇಕು. ಅವರು ಕೆಲಸ ಮಾಡಿದ ರೀತಿಯನ್ನು ನಂಬಿ, ಅವರು ಹಾಕಿಕೊಟ್ಟ ಚೌಕಟ್ಟನ್ನು ಅನುಮಾನದಿಂದ ನೋಡಿ. ಅವರ ವಿದ್ಯಾರ್ಥಿಗಳಲ್ಲಿ ಒಳ್ಳೆಯವರು ಮಾಡಿದ್ದೂ ಇದನ್ನೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಮೇಷ್ಟ್ರಾಗಲು ಹೊರಟವರು, ಹಾಗಾಗಿ ಅವರ ಪುಸ್ತಕಗಳಷ್ಟೇ ಅವರ ತರಗತಿಯೂ ನಿಮಗೆ ಮುಖ್ಯ.

ಫೇರ್‌ಬ್ಯಾಂಕ್ ಹುಟ್ಟಿದ್ದು 1907ರಲ್ಲಿ, ಅಮೆರಿಕದ ದಕ್ಷಿಣ ಡಕೋಟಾದ ಹ್ಯೂರನ್ ಎಂಬ ಊರಿನಲ್ಲಿ. 1929ರಲ್ಲಿ ಹಾರ್ವರ್ಡ್‌ನಲ್ಲಿ ಪದವಿ ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಆ ಕಾಲದಲ್ಲಿ ಚೀನಾದ ವಿದೇಶ ಸಂಬಂಧದ ಇತಿಹಾಸ ಅಂದರೆ ಬಹುಪಾಲು ಲಂಡನ್‌ನ ಕಡತಗಳ ಇತಿಹಾಸ. ಬ್ರಿಟಿಷ್ ಅಧಿಕಾರಿ ಏನು ಬರೆದ, ಅವನ ಮೇಲಧಿಕಾರಿ ಏನು ಉತ್ತರ ಕೊಟ್ಟ, ಅಷ್ಟೇ. ಚೀನಾ ಮಾತಾಡುವುದು ಎಲ್ಲೂ ಕೇಳುತ್ತಿರಲಿಲ್ಲ. ಈ ಇತಿಹಾಸವನ್ನು ಬರೆದವರಲ್ಲಿ ದೊಡ್ಡ ಹೆಸರು ಎಚ್. ಬಿ. ಮೋರ್ಸ್ ಅವರದು. ಚೀನಾದ ಕಸ್ಟಮ್ಸ್ ಇಲಾಖೆಯಲ್ಲಿ ದುಡಿದು, ನಿವೃತ್ತಿಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದರು. ಫೇರ್‌ಬ್ಯಾಂಕ್ ಈ ಮೋರ್ಸ್ ಅವರನ್ನು ಹುಡುಕಿಕೊಂಡು ಹೋಗಿ ಶಿಷ್ಯನಂತಾದರು. ಆದರೆ ಗುರು ನಿಂತ ಜಾಗದಲ್ಲಿ ನಿಲ್ಲಲಿಲ್ಲ. ಚೀನೀ ಭಾಷೆ ಕಲಿಯುವುದಕ್ಕೆ 1932ರಲ್ಲಿ ಬೀಜಿಂಗ್‌ಗೆ ಹೊರಟರು.

ಅಲ್ಲೇ ಅದೇ ವರ್ಷ ವಿಲ್ಮಾ ಕ್ಯಾನನ್ ಜೊತೆ ಮದುವೆಯಾಯಿತು. ವಿಲ್ಮಾ ಕಲಾವಿದೆ, ಮುಂದೆ ಚೀನೀ ಕಲೆಯ ಬಗ್ಗೆ ಗಟ್ಟಿಯಾಗಿ ಬರೆದವರು. ಈ ದಂಪತಿಗೆ ಬೀಜಿಂಗ್‌ನಲ್ಲಿ ಸಿಕ್ಕ ಆಪ್ತ ಗೆಳೆಯರು ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್. ಚೀನಾದ ಹಳೆಯ ಮರದ ಕಟ್ಟಡಗಳನ್ನು ಊರೂರು ಸುತ್ತಿ ಅಳೆದು ದಾಖಲಿಸಿದ ಗಂಡ ಹೆಂಡತಿ ಅವರು. 1934ರಲ್ಲಿ ನಾಲ್ವರೂ ಒಟ್ಟಿಗೆ ಶಾನ್ಶಿ ಪ್ರಾಂತ್ಯದಲ್ಲಿ ತಿರುಗಾಡಿದರು. ಫೇರ್‌ಬ್ಯಾಂಕ್‌ಗೆ ಫೇ ಝೆಂಗ್‌ಚಿಂಗ್ ಎಂಬ ಚೀನೀ ಹೆಸರು ಇಟ್ಟದ್ದೂ ಲಿಯಾಂಗ್. ಈ ಸ್ನೇಹವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೀಜಿಂಗ್‌ನಲ್ಲಿ ಅವರು ತ್ಸಿಂಗ್ಹುವಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಆ ವಿಶ್ವವಿದ್ಯಾಲಯವೇ ಅಮೆರಿಕ–ಚೀನಾ ಸಂಬಂಧದ ಒಂದು ಅಧ್ಯಾಯ. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ನಂತರ ವಿದೇಶಿ ಶಕ್ತಿಗಳು ಚೀನಾದ ಮೇಲೆ ಭಾರಿ ದಂಡ ಹೇರಿದವು. ತನ್ನ ಪಾಲಿನಲ್ಲಿ ಹೆಚ್ಚಾಗಿದ್ದ ಹಣವನ್ನು ಚೀನೀ ವಿದ್ಯಾರ್ಥಿಗಳ ಓದಿಗೆ ಬಿಟ್ಟುಕೊಡಲು ಅಮೆರಿಕ 1908ರಲ್ಲಿ ಒಪ್ಪಿತು. ಆ ಹಣದಿಂದ 1911ರಲ್ಲಿ ತ್ಸಿಂಗ್ಹುವಾ ಶುರುವಾಯಿತು. ಉಪಕಾರವೂ ಹೌದು, ಪ್ರಭಾವ ಬೆಳೆಸುವ ಲೆಕ್ಕವೂ ಹೌದು. ನಾನು ಈ ವಿಷಯದ ಮೊದಲ ಪಾಠ ಮಾಡುವಾಗ ಇದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಮೆರಿಕ ಒಳ್ಳೆಯದು ಮಾಡಿತಾ, ಕೆಟ್ಟದ್ದು ಮಾಡಿತಾ ಎಂದು ತರಗತಿಯಲ್ಲಿ ಕೇಳಿದರೆ ಎರಡು ಗುಂಪಾಗುತ್ತದೆ. ಎರಡೂ ಗುಂಪಿನ ಕೈಯಲ್ಲಿ ಸಾಕ್ಷಿ ಇರುತ್ತದೆ.

ತ್ಸಿಂಗ್ಹುವಾದ ಇತಿಹಾಸ ವಿಭಾಗದ ಮುಖ್ಯಸ್ಥರು ಜಿಯಾಂಗ್ ತಿಂಗ್‌ಫು. ಅಮೆರಿಕದ ಕೊಲಂಬಿಯಾದಲ್ಲಿ ಡಾಕ್ಟರೇಟ್ ಮಾಡಿ ಬಂದವರು. ಚೀನಾದ ಕೊನೆಯ ರಾಜವಂಶವಾದ ಚಿಂಗ್ ಆಸ್ಥಾನದ ವಿದೇಶ ವ್ಯವಹಾರದ ಕಡತಗಳನ್ನು ಅರಮನೆಯ ವಸ್ತುಸಂಗ್ರಹಾಲಯ ಆಗಷ್ಟೇ ಅಚ್ಚು ಹಾಕಿಸಿತ್ತು. ಅವನ್ನು ಓದುವ ದಾರಿ ತೋರಿಸಿದವರು ಜಿಯಾಂಗ್. ಅಂದರೆ, ಅಮೆರಿಕದಲ್ಲಿ ಚೀನಾ ಇತಿಹಾಸ ಕಟ್ಟಿದ ಮನುಷ್ಯನಿಗೆ ಮೂಲ ವಿದ್ಯೆ ಹೇಳಿಕೊಟ್ಟವರು ಚೀನೀ ಮೇಷ್ಟ್ರು. ಫೇರ್‌ಬ್ಯಾಂಕ್ ಕಥೆ ಹೇಳುವವರು ಇದನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು.

1936ರಲ್ಲಿ ಆಕ್ಸ್‌ಫರ್ಡ್‌ನಿಂದ ಡಾಕ್ಟರೇಟ್ ಬಂತು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಪಾಠ ಶುರುಮಾಡಿದರು. ಅವರ ಮೊದಮೊದಲ ದೊಡ್ಡ ಲೇಖನಗಳಲ್ಲಿ ಒಂದರ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಚಿಂಗ್ ಸಾಮ್ರಾಜ್ಯದಲ್ಲಿ ಸರ್ಕಾರಿ ಕಾಗದ ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಹೋಗುತ್ತಿತ್ತು, ಎಷ್ಟು ದಿನ ಹಿಡಿಯುತ್ತಿತ್ತು ಎಂಬುದು! ಚೀನೀ ವಿದ್ವಾಂಸ ತೆಂಗ್ ಸ್ಸು-ಯು ಜೊತೆ ಸೇರಿ 1939ರಲ್ಲಿ ಬರೆದದ್ದು. ಒಣ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಬ್ರಿಟನ್ 1839–42ರಲ್ಲಿ ಚೀನಾದ ಮೇಲೆ ಮಾಡಿದ ಅಫೀಮು ಯುದ್ಧವನ್ನು ಇದಿಲ್ಲದೆ ಅರ್ಥಮಾಡಿಕೊಳ್ಳುವುದು ಕಷ್ಟ. ದಕ್ಷಿಣದ ಬಂದರು ಕ್ಯಾಂಟನ್‌ನಿಂದ ಬೀಜಿಂಗ್‌ಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಕುದುರೆ ಅಂಚೆಯಲ್ಲಿ ಹೋದ ವರದಿಗೆ ಉತ್ತರ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಚಕ್ರವರ್ತಿ ಆಜ್ಞೆ ಕೊಟ್ಟ ದಿನ ಅವನಿಗೆ ಗೊತ್ತಿದ್ದದ್ದೇನು? ಆ ದಿನ ಕ್ಯಾಂಟನ್‌ನಲ್ಲಿ ನಡೆಯುತ್ತಿದ್ದದ್ದೇನು? ಇವೆರಡನ್ನೂ ಬೇರೆ ಬೇರೆ ಇಡದಿದ್ದರೆ ಆಸ್ಥಾನದವರೆಲ್ಲ ಮೂರ್ಖರಂತೆ ಕಾಣುತ್ತಾರೆ. ಇಟ್ಟರೆ, ತಡವಾಗಿ ಬಂದ ಸುದ್ದಿಯ ಮೇಲೆ ತೀರ್ಮಾನ ಮಾಡಬೇಕಾದ ಮನುಷ್ಯರು ಕಾಣುತ್ತಾರೆ. ನಾನು ಅವರ ಕೆಲಸದ ರೀತಿಯನ್ನು ನಂಬಿ ಎಂದದ್ದು ಇದಕ್ಕೆ. ಕಾಗದದಲ್ಲಿ ಏನಿದೆ ಎನ್ನುವುದಕ್ಕೆ ಮುಂಚೆ, ಯಾರು ಬರೆದರು, ಯಾರ ಕೈಗೆ, ಯಾವಾಗ ತಲುಪಿತು ಎಂದು ಕೇಳುವುದು.

ಈಗ ‘ಸರ್ಕಾರದ ಮನುಷ್ಯ’ ಎಂಬ ಮಾತಿಗೆ ಬರೋಣ. ಅದರಲ್ಲಿ ಸುಳ್ಳಿಲ್ಲ. 1941ರಲ್ಲಿ ಅವರು ವಾಷಿಂಗ್ಟನ್ನಿನ ಗುಪ್ತಚರ ಮಾಹಿತಿ ಕಚೇರಿ ಸೇರಿದರು. ಮುಂದೆ ಓಎಸ್ಎಸ್ ಎಂಬ ಯುದ್ಧಕಾಲದ ಗುಪ್ತಚರ ಸಂಸ್ಥೆಯಾದದ್ದು ಅದೇ. 1942–43ರಲ್ಲಿ, ಜಪಾನ್ ಜೊತೆಗಿನ ಯುದ್ಧಕಾಲದಲ್ಲಿ ಚೀನಾದ ರಾಜಧಾನಿಯಾಗಿದ್ದ ಚೋಂಗ್‌ಚಿಂಗ್‌ನಲ್ಲಿದ್ದರು. 1945–46ರಲ್ಲಿ ಅಮೆರಿಕದ ವಾರ್ತಾ ಸೇವೆಯ ಕೆಲಸದ ಮೇಲೆ ಮತ್ತೆ ಚೀನಾಕ್ಕೆ ಹೋದರು.

ಆದರೆ ಅಲ್ಲಿ ಅವರು ಕಂಡದ್ದೇನು ನೋಡಿ. 1942ರ ಕೊನೆಯಲ್ಲಿ ಸಿಚುವಾನ್‌ನ ಲಿಝುವಾಂಗ್ ಎಂಬ ನದಿ ದಂಡೆಯ ಹಳ್ಳಿಗೆ ಗೆಳೆಯ ಲಿಯಾಂಗ್‌ನನ್ನು ನೋಡಲು ಹೋದರು. ಯುದ್ಧ ತಪ್ಪಿಸಿಕೊಂಡು ಬಂದ ವಿದ್ವಾಂಸರು ಅಲ್ಲಿ ನೆಲೆಸಿದ್ದರು. ಲಿನ್ ಕ್ಷಯದಿಂದ ಹಾಸಿಗೆ ಹಿಡಿದಿದ್ದರು. ಬೆಲೆ ಏರಿಕೆಯಲ್ಲಿ ಸಂಬಳಕ್ಕೆ ಬೆಲೆಯೇ ಇರಲಿಲ್ಲ. ಆ ಸ್ಥಿತಿಯಲ್ಲೂ ಚೀನೀ ವಾಸ್ತುಶಿಲ್ಪದ ಇತಿಹಾಸ ಬರೆಯುವ ಕೆಲಸ ನಿಂತಿರಲಿಲ್ಲ. ಅಮೆರಿಕದ ವಿದ್ವತ್ ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿಸಿ ಇಂಥವರಿಗೆ ತಲುಪಿಸುವ ಕೆಲಸದಲ್ಲಿ ಫೇರ್‌ಬ್ಯಾಂಕ್ ಇದ್ದರು. ಆಗ ಚೀನಾ ಆಳುತ್ತಿದ್ದ ಚಿಯಾಂಗ್ ಕೈ-ಶೆಕ್ ಸರ್ಕಾರ ತನ್ನ ವಿದ್ಯಾವಂತರನ್ನೇ ಕಳೆದುಕೊಳ್ಳುತ್ತಿದೆ ಎಂದು ಅವರಿಗೆ ಮನವರಿಕೆಯಾದದ್ದು ಆ ವರ್ಷಗಳಲ್ಲಿ. ಅದನ್ನು ವಾಷಿಂಗ್ಟನ್‌ಗೂ ಹೇಳಿದರು, ಊರಿಗೆ ಮರಳಿದ ಮೇಲೆ ಜನರಿಗೂ ಹೇಳಿದರು. ಕಮ್ಯುನಿಸ್ಟರು ಗೆಲ್ಲುತ್ತಿರುವುದಕ್ಕೆ ಕಾರಣ ಚೀನಾದ ಒಳಗೇ ಇದೆ, ಅಮೆರಿಕ ಹಣ ಸುರಿದು ಅದನ್ನು ತಡೆಯಲಾಗದು ಎಂಬುದು ಅವರ ವಾದ. 1948ರಲ್ಲಿ ಬಂದ ‘ದಿ ಯುನೈಟೆಡ್ ಸ್ಟೇಟ್ಸ್ ಅಂಡ್ ಚೈನಾ’ ಪುಸ್ತಕದ ಬೆನ್ನೆಲುಬೂ ಇದೇ. ಹೆಸರಿನಲ್ಲಿ ಎರಡು ದೇಶ ಇದ್ದರೂ ಪುಟಗಳಲ್ಲಿ ಹೆಚ್ಚಿನವು ಚೀನೀ ಸಮಾಜದ ಬಗ್ಗೆ. ಅಮೆರಿಕನ್ ಓದುಗನಿಗೆ ಮೊದಲು ಚೀನಾ ಅರ್ಥವಾಗಲಿ, ಆಮೇಲೆ ಸಂಬಂಧದ ಮಾತು ಎಂಬ ಹಟ ಅದು.

1949ರಲ್ಲಿ ಮಾವೊ ಗೆದ್ದರು. ‘ಚೀನಾವನ್ನು ಕಳೆದುಕೊಂಡದ್ದು ಯಾರು’ ಎಂಬ ಕೂಗು ಅಮೆರಿಕದಲ್ಲಿ ಎದ್ದಿತು. ಚೀನಾ ಅಮೆರಿಕದ ಆಸ್ತಿಯೇ ಆಗಿರಲಿಲ್ಲ, ಕಳೆದುಕೊಳ್ಳುವುದೆಲ್ಲಿಂದ ಬಂತು? ಆದರೂ ಕಮ್ಯುನಿಸ್ಟರ ಪರ ಎನಿಸಿದವರ ಬೇಟೆ ಶುರುವಾಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಏಷ್ಯಾ ವಿದ್ವಾಂಸ ಓವನ್ ಲಾಟಿಮೋರ್ ಮೇಲೆ ಸೆನೆಟರ್ ಮೆಕಾರ್ಥಿ 1950ರಲ್ಲಿ ಬೇಹುಗಾರಿಕೆಯ ಆರೋಪ ಹೊರಿಸಿದರು. ಆ ಆರೋಪ ಸಾಬೀತಾಗಲಿಲ್ಲ. ಸುಳ್ಳು ಸಾಕ್ಷ್ಯದ ಕೇಸು ಹಾಕಿದರು, 1955ರಲ್ಲಿ ಅದೂ ಬಿದ್ದುಹೋಯಿತು. ಅಷ್ಟರಲ್ಲಿ ಒಬ್ಬ ವಿದ್ವಾಂಸನ ಒಳ್ಳೆಯ ವರ್ಷಗಳು ಹಾಳಾಗಿದ್ದವು. ಫೇರ್‌ಬ್ಯಾಂಕ್ ಅವರನ್ನೂ ಬಿಡಲಿಲ್ಲ. 1951ರಲ್ಲಿ ಜಪಾನಿಗೆ ಹೋಗಲು ಅವರಿಗೆ ಅನುಮತಿ ಸಿಗಲಿಲ್ಲ. 1952ರಲ್ಲಿ ಸೆನೆಟ್‌ನ ಮೆಕ್ಯಾರನ್ ಸಮಿತಿಯ ಮುಂದೆ ಹೋಗಿ ಉತ್ತರಿಸಬೇಕಾಯಿತು. ಹಾರ್ವರ್ಡ್‌ನ ಕೆಲಸ ಉಳಿಯಿತು. ವಿದೇಶಾಂಗ ಇಲಾಖೆಯಲ್ಲಿದ್ದ ಚೀನಾ ತಜ್ಞರಿಗೆ ಆ ರಕ್ಷಣೆ ಇರಲಿಲ್ಲ. ಜಾನ್ ಸರ್ವಿಸ್, ಜಾನ್ ಪೇಟನ್ ಡೇವೀಸ್ ಅಂಥವರು ಕೆಲಸ ಕಳೆದುಕೊಂಡರು. ಅತ್ತ ಬೀಜಿಂಗ್‌ನಲ್ಲಿ ಅದೇ ಫೇರ್‌ಬ್ಯಾಂಕ್ ಅಮೆರಿಕನ್ ಸಾಮ್ರಾಜ್ಯಶಾಹಿಯ ಏಜೆಂಟ್ ಎನಿಸಿಕೊಂಡಿದ್ದರು. ಎರಡೂ ಕಡೆಯವರು ಬೈದರು ಎಂಬ ಮಾತ್ರಕ್ಕೆ ಅವರು ಹೇಳಿದ್ದೆಲ್ಲ ಸರಿ ಎಂದಾಗುವುದಿಲ್ಲ. ಆದರೆ ‘ಸರ್ಕಾರದ ಮನುಷ್ಯ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿಂದ ಮುಂದೆ ಅವರು ಮಾಡಿದ ಕೆಲಸವೇ ನನಗೆ ಅತಿ ದೊಡ್ಡದಾಗಿ ಕಾಣುವುದು. ಅದು ಮೇಷ್ಟ್ರ ಕೆಲಸ. ಯುದ್ಧಕ್ಕೆ ಮುಂಚೆಯೇ, 1939ರಲ್ಲಿ, ಜಪಾನ್ ಇತಿಹಾಸದ ವಿದ್ವಾಂಸ ಎಡ್ವಿನ್ ರೈಶೌವರ್ ಜೊತೆ ಪೂರ್ವ ಏಷ್ಯಾದ ಇತಿಹಾಸದ ಕೋರ್ಸ್ ಶುರುಮಾಡಿದ್ದರು. ವಿದ್ಯಾರ್ಥಿಗಳು ಅದನ್ನು ‘ರೈಸ್ ಪ್ಯಾಡೀಸ್’ ಎಂದು ಕರೆಯುತ್ತಿದ್ದರು, ನಮ್ಮ ಮಾತಲ್ಲಿ ಭತ್ತದ ಗದ್ದೆ. ಚೀನಾ ಎಲ್ಲಿದೆ ಎಂದು ಸರಿಯಾಗಿ ಗೊತ್ತಿಲ್ಲದ ಹುಡುಗರಿಗೂ ಮಳೆ, ನೆಲ, ಭತ್ತ, ಗೋಧಿ, ನದಿಗಳಿಂದ ಶುರುಮಾಡಿ ಪಾಠ ಹೇಳುತ್ತಿದ್ದರು. ದೊಡ್ಡ ವಿದ್ವಾಂಸರು ಇಂಥ ಆರಂಭದ ತರಗತಿಗಳನ್ನು ಕಿರಿಯರ ತಲೆಗೆ ಕಟ್ಟುವುದೇ ಹೆಚ್ಚು. ಇವರು ಹಾಗೆ ಮಾಡಲಿಲ್ಲ. ಆ ತರಗತಿಯ ಪಾಠಗಳೇ ಮುಂದೆ ಪಠ್ಯಪುಸ್ತಕಗಳಾಗಿ ಬೇರೆ ಕಾಲೇಜುಗಳಿಗೂ ಹೋದವು.

ಸಂಶೋಧನಾ ವಿದ್ಯಾರ್ಥಿಗಳಿಗೆ ಇನ್ನೊಂದು ವ್ಯವಸ್ಥೆ. ಅವರ ಸೆಮಿನಾರಿನಲ್ಲಿ ಚಿಂಗ್ ಕಾಲದ ದಾಖಲೆಯನ್ನು ಸಾಲು ಸಾಲಾಗಿ ಓದಬೇಕು. ಚಕ್ರವರ್ತಿಯ ಆಜ್ಞೆ ಯಾವುದು, ಅಧಿಕಾರಿಯ ವರದಿ ಯಾವುದು, ಅದರೊಳಗೆ ಇನ್ನೊಬ್ಬನ ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬಿಡಿಸಬೇಕು. ಇದಕ್ಕಾಗಿಯೇ ಒಂದು ಕೈಪಿಡಿ ಸಿದ್ಧಮಾಡಿದರು. ಚೆನ್ನಾಗಿ ಬಂದ ಸೆಮಿನಾರ್ ಪ್ರಬಂಧಗಳನ್ನು ಸೈಕ್ಲೋಸ್ಟೈಲ್ ಮಾದರಿಯಲ್ಲಿ ಪ್ರತಿ ತೆಗೆಸಿ ‘ಪೇಪರ್ಸ್ ಆನ್ ಚೈನಾ’ ಎಂಬ ಸಂಪುಟಗಳಾಗಿ ಹಂಚುತ್ತಿದ್ದರು. ಇನ್ನೂ ಡಾಕ್ಟರೇಟ್ ಸಿಗದ ಹುಡುಗನ ಹೆಸರು ಅಚ್ಚಿನಲ್ಲಿ ಬರುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಗುರುವಾರ ಮಧ್ಯಾಹ್ನ ಅವರ ಮನೆಯಲ್ಲಿ ಚಹಾ. ಹೊಸ ವಿದ್ಯಾರ್ಥಿ, ಊರಿಗೆ ಬಂದ ಪ್ರಾಧ್ಯಾಪಕ, ಪತ್ರಕರ್ತ ಎಲ್ಲರೂ ಒಂದೇ ಕೋಣೆಯಲ್ಲಿ. 1955ರಲ್ಲಿ ಅವರು ಹಾರ್ವರ್ಡ್‌ನಲ್ಲಿ ಕಟ್ಟಿದ ಪೂರ್ವ ಏಷ್ಯಾ ಸಂಶೋಧನಾ ಕೇಂದ್ರಕ್ಕೆ ಈಗ ಅವರದೇ ಹೆಸರಿದೆ.

ಅಲ್ಲಿಂದ ಹೊರಬಂದವರ ಹೆಸರು ನೋಡಿ: ಬೆಂಜಮಿನ್ ಶ್ವಾರ್ಟ್ಸ್, ಜೋಸೆಫ್ ಲೆವೆನ್ಸನ್, ಮೇರಿ ರೈಟ್, ಆಲ್ಬರ್ಟ್ ಫಾಯರ್‌ವರ್ಕರ್, ಫಿಲಿಪ್ ಕುನ್. ಒಬ್ಬರ ಹಾಗೆ ಇನ್ನೊಬ್ಬರು ಬರೆಯಲಿಲ್ಲ. ಟೋಕಿಯೊದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದ ಅಕಿರಾ ಇರಿಯೆ ಅವರನ್ನೂ ಇಲ್ಲಿ ಹೇಳಬೇಕು. ಅಮೆರಿಕ, ಚೀನಾ, ಜಪಾನ್ ಮೂರೂ ಕಡೆಯ ದಾಖಲೆ ಇಟ್ಟುಕೊಂಡು, ಒಬ್ಬರು ಇನ್ನೊಬ್ಬರನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದನ್ನೇ ಅವರು ಇತಿಹಾಸದ ವಿಷಯ ಮಾಡಿದರು. ನಿಮ್ಮ ಆಸಕ್ತಿಗೆ ಫೇರ್‌ಬ್ಯಾಂಕ್‌ಗಿಂತ ಇವರೇ ಹತ್ತಿರ ಅಂತ ನನ್ನ ಅನಿಸಿಕೆ.

ಇನ್ನು ಚೌಕಟ್ಟಿನ ತೊಂದರೆ. ತೆಂಗ್ ಜೊತೆ 1954ರಲ್ಲಿ ತಂದ ದಾಖಲೆಗಳ ಸಂಗ್ರಹದ ಹೆಸರೇ ‘ಚೈನಾಸ್ ರೆಸ್ಪಾನ್ಸ್ ಟು ದಿ ವೆಸ್ಟ್’. ಪಶ್ಚಿಮ ಬಂದು ತಟ್ಟಿತು, ಚೀನಾ ಪ್ರತಿಕ್ರಿಯಿಸಿತು ಎಂಬ ನೋಟ. ಇದರಲ್ಲಿ 19ನೇ ಶತಮಾನದ ಚೀನಾಕ್ಕೆ ಸ್ವಂತ ಚಲನೆಯೇ ಇಲ್ಲದಂತೆ ಕಾಣುತ್ತದೆ. ಜನಸಂಖ್ಯೆ, ಹಳ್ಳಿಯ ಬಡತನ, ಒಳಗಿನ ದಂಗೆಗಳು ಎಲ್ಲ ಹಿಂದೆ ಸರಿಯುತ್ತವೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಯುವ ವಿದ್ವಾಂಸರು ಇನ್ನೂ ಕಟುವಾದ ಮಾತು ಹೇಳಿದರು. ಆಧುನೀಕರಣದ ಹೆಸರಿನಲ್ಲಿ ಸಾಮ್ರಾಜ್ಯಶಾಹಿಯನ್ನು ಮರೆಮಾಚುತ್ತಿದ್ದೀರಿ ಎಂದರು. 1969ರ ಅಮೆರಿಕನ್ ಇತಿಹಾಸಕಾರರ ಸಂಘದ ಸಭೆಯಲ್ಲಿ ಯುದ್ಧ ವಿರೋಧಿ ನಿರ್ಣಯಕ್ಕಾಗಿ ಮಾತಾಡುತ್ತಿದ್ದ ಇತಿಹಾಸಕಾರ ಹೊವರ್ಡ್ ಝಿನ್ ಕೈಯಿಂದ ಮೈಕ್ ಕಿತ್ತುಕೊಳ್ಳಲು ಫೇರ್‌ಬ್ಯಾಂಕ್ ಎಳೆದಾಡಿದರು. ಸಂಘ ರಾಜಕೀಯಕ್ಕೆ ಇಳಿಯಬಾರದು ಎಂಬುದು ಅವರ ನಿಲುವು. ಸಂಘದ ಅಧ್ಯಕ್ಷರಾಗಿದ್ದವರು, ಸ್ವತಃ ಸಮಿತಿಗಳ ಮುಂದೆ ನಿಂತು ನೊಂದವರು, ಇನ್ನೊಬ್ಬರ ಮಾತನ್ನು ಹಾಗೆ ತಡೆಯಬಾರದಿತ್ತು. ಇಲ್ಲಿ ನಾನು ಅವರ ಪರ ಇಲ್ಲ.

ಆದರೆ ಆಳವಾದ ಟೀಕೆ ಬಂದದ್ದು ಅವರ ಶಿಷ್ಯರಿಂದಲೇ. 1984ರಲ್ಲಿ ಪಾಲ್ ಕೊಹೆನ್ ಒಂದು ಇಡೀ ಪುಸ್ತಕ ಬರೆದು, ಈ ತಟ್ಟು–ಪ್ರತಿಕ್ರಿಯೆಯ ಚೌಕಟ್ಟನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. ಚೀನಾದ ಇತಿಹಾಸವನ್ನು ಚೀನಾದ ಒಳಗಿಂದ ಶುರುಮಾಡಿ ಎಂದರು. ಫೇರ್‌ಬ್ಯಾಂಕ್ ಆಗಿನ್ನೂ ಬರೆಯುತ್ತಿದ್ದರು. ಕೊನೆಯ ವರ್ಷಗಳಲ್ಲಿ ಕೂತು, ಹೊಸ ತಲೆಮಾರಿನ ಸಂಶೋಧನೆಯನ್ನೆಲ್ಲ ಓದಿ, ಚೀನಾದ ಇತಿಹಾಸವನ್ನು ಮೊದಲಿಂದ ಬರೆದರು. ಅದರ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸಿದ ಎರಡು ದಿನಕ್ಕೆ, 1991ರ ಸೆಪ್ಟೆಂಬರ್ 14ರಂದು ತೀರಿಕೊಂಡರು. ‘ಚೈನಾ: ಎ ನ್ಯೂ ಹಿಸ್ಟರಿ’ ಎಂದು 1992ರಲ್ಲಿ ಬಂದದ್ದು ಅದು. ನೀವು ಶುರುಮಾಡುವುದಾದರೆ ಅದರಿಂದಲೇ ಶುರುಮಾಡಿ. ಆಮೇಲೆ ಕೊಹೆನ್. ಆಮೇಲೆ 1953ರ ‘ಟ್ರೇಡ್ ಅಂಡ್ ಡಿಪ್ಲೊಮಸಿ ಆನ್ ದಿ ಚೈನಾ ಕೋಸ್ಟ್’.

ನಮ್ಮ ದೇಶದಿಂದಲೂ ಅವರಿಗೆ ಉತ್ತರ ಹೋಗಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದೆಹಲಿಯಲ್ಲಿ ಪಾಠ ಮಾಡಿದ ತಾನ್ ಚುಂಗ್ 1978ರಲ್ಲಿ ಅಫೀಮು ಯುದ್ಧದ ಮೂಲದ ಬಗ್ಗೆ ಪುಸ್ತಕ ತಂದರು. ಇವರ ತಂದೆ ತಾನ್ ಯುನ್-ಶಾನ್, ಶಾಂತಿನಿಕೇತನದಲ್ಲಿ 1937ರಲ್ಲಿ ಚೀನಾ ಭವನ ಕಟ್ಟಿದವರು. ಅಫೀಮು ಯುದ್ಧ ಎರಡು ಸಂಸ್ಕೃತಿಗಳ ಘರ್ಷಣೆ ಎನ್ನುವ ಫೇರ್‌ಬ್ಯಾಂಕ್ ಕಡೆಯ ವಿವರಣೆಯನ್ನು ತಾನ್ ಚುಂಗ್ ಒಪ್ಪಲಿಲ್ಲ. ಅಫೀಮೇ ಕಾರಣ ಎಂದರು. ಆ ಅಫೀಮು ಬಂದದ್ದು ಎಲ್ಲಿಂದ? ಬಿಹಾರ, ಬನಾರಸ್ ಸುತ್ತಿನ ಹೊಲಗಳಿಂದ, ಮಾಳ್ವದಿಂದ. ಬಂಗಾಳದ ಅಫೀಮು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ. ಕಲ್ಕತ್ತದಲ್ಲಿ ಹರಾಜು, ಅಲ್ಲಿಂದ ಖಾಸಗಿ ಹಡಗುಗಳಲ್ಲಿ ಚೀನಾಕ್ಕೆ. ಅಮೆರಿಕನ್ ವ್ಯಾಪಾರಿಗಳು ಟರ್ಕಿಯ ಅಫೀಮು ಸಾಗಿಸಿದರು. ಭಾರತದ ರೈತ ಇಲ್ಲದೆ ಈ ಕಥೆ ಪೂರ್ತಿಯಾಗುವುದಿಲ್ಲ. ಹಾಗಾಗಿ ಭಾರತದಲ್ಲಿ ಕೂತು ಈ ವಿಷಯ ಮಾಡಬಹುದಾ ಎಂದರೆ, ಕೆಲವು ಭಾಗಗಳನ್ನು ಇಲ್ಲೇ ಕೂತು ಮಾಡಬೇಕು.

ಒಂದು ವಿಷಯ ಸೂಚಿಸುತ್ತೇನೆ. 1950ರ ಕೊರಿಯಾ ಯುದ್ಧ. ಅಮೆರಿಕಕ್ಕೂ ಹೊಸ ಚೀನಾಕ್ಕೂ ನೇರ ಮಾತಿಲ್ಲ. ಅಮೆರಿಕನ್ ಪಡೆಗಳು ಎರಡು ಕೊರಿಯಾಗಳ ನಡುವಿನ ಗಡಿಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ನೆ ಕೂರುವುದಿಲ್ಲ ಎಂದು ಚೀನಾದ ಪ್ರಧಾನಿ ಚೌ ಎನ್-ಲಾಯ್ ಅಕ್ಟೋಬರ್ ಆರಂಭದಲ್ಲಿ ನಡುರಾತ್ರಿ ಕರೆಸಿ ಹೇಳಿದ್ದು ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರಿಗೆ. ವಾಷಿಂಗ್ಟನ್ ಅದನ್ನು ನಂಬಲಿಲ್ಲ. ಅದೇ ತಿಂಗಳು ಚೀನೀ ಸೇನೆ ಕೊರಿಯಾಕ್ಕೆ ಇಳಿಯಿತು. ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ ಯಾರು? ನಮ್ಮ ಮಂಗಳೂರು ಕಡೆಯ ಬೆನೆಗಲ್ ಮನೆತನದ ಬಿ. ಎನ್. ರಾವ್. ಸಂವಿಧಾನದ ಕರಡಿಗೆ ಸಲಹೆಗಾರರಾಗಿದ್ದ ಅವರೇ. ಯುದ್ಧ ಶುರುವಾದ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. ಡಿಸೆಂಬರ್‌ನಲ್ಲಿ ಕದನವಿರಾಮಕ್ಕಾಗಿ ನೇಮಿಸಿದ ಮೂವರ ಗುಂಪಿನಲ್ಲೂ ಅವರಿದ್ದರು. ಅದೇ ಮೇಜಿನ ಸುತ್ತ ಚೀನಾದ ಕುರ್ಚಿಯಲ್ಲಿ, ಸೋತು ತೈವಾನ್‌ಗೆ ಹೋಗಿದ್ದ ಚಿಯಾಂಗ್ ಸರ್ಕಾರದ ಪರವಾಗಿ ಕೂತಿದ್ದವರು ಬೇರೆ ಯಾರೂ ಅಲ್ಲ, ತ್ಸಿಂಗ್ಹುವಾದಲ್ಲಿ ಫೇರ್‌ಬ್ಯಾಂಕ್‌ಗೆ ಕಡತ ಓದುವ ದಾರಿ ತೋರಿಸಿದ ಜಿಯಾಂಗ್ ತಿಂಗ್‌ಫು.

ಅಮೆರಿಕದ ಕಡೆಯ ದಾಖಲೆಗಳನ್ನು ಅವರ ವಿದೇಶಾಂಗ ಇಲಾಖೆ ‘ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿದೆ. ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಓದಬಹುದು. 1950ರ ಕೊರಿಯಾ ದಾಖಲೆಗಳು ಏಳನೇ ಸಂಪುಟದಲ್ಲಿವೆ. ನಮ್ಮ ವಿದೇಶಾಂಗದ ಹಳೆಯ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ. ಪಣಿಕ್ಕರ್ ಕಳಿಸಿದ ತಂತಿ ದೆಹಲಿಗೆ ಯಾವಾಗ ಬಂತು, ವಾಷಿಂಗ್ಟನ್‌ಗೆ ಯಾರ ಮೂಲಕ ಹೋಯಿತು, ಯಾವ ಗಂಟೆಗೆ ಯಾರ ಮೇಜಿನ ಮೇಲಿತ್ತು ಎಂದು ಒಂದು ಪಟ್ಟಿ ಮಾಡಿ. ಚಿಂಗ್ ಅಂಚೆಗೆ ಫೇರ್‌ಬ್ಯಾಂಕ್ ಕೇಳಿದ ಪ್ರಶ್ನೆಯೇ ಇದು. ಎಂ.ಎ. ಪ್ರಬಂಧಕ್ಕೆ ಅಷ್ಟು ಸಾಕು.

ಡಾಕ್ಟರೇಟ್‌ಗೆ ಮಾತ್ರ ಚೀನೀ ಭಾಷೆ ಬೇಕೇ ಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಜೆಎನ್‌ಯು ಮತ್ತು ಶಾಂತಿನಿಕೇತನ ಎರಡೂ ಕಡೆ ಹಳೆಯ ಚೀನೀ ವಿಭಾಗಗಳಿವೆ. ಪ್ರವೇಶದ ಪ್ರಕಟಣೆ ಈ ವರ್ಷವೇ ನೋಡಿಕೊಳ್ಳಿ. ಓದುತ್ತಿರುವಾಗಲೇ ನಿಮ್ಮ ಕಾಲೇಜಿನ ಪದವಿ ಹುಡುಗರಿಗೆ ತ್ಸಿಂಗ್ಹುವಾ ಕಥೆಯನ್ನೋ ಪಣಿಕ್ಕರ್ ತಂತಿಯನ್ನೋ ಇಟ್ಟುಕೊಂಡು ಒಂದು ಗಂಟೆ ಪಾಠ ಮಾಡಿ ನೋಡಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ, ಪ್ರಬಂಧ ಬರೆಯುವಾಗ ಉಪಯೋಗಕ್ಕೆ ಬರುತ್ತದೆ.